ಮೊದಲ ಸೌಟು ಯಾರಿಗೆ?

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆಯುವುದು ನಮ್ಮ ಕಲಬುರಗಿ ಕಡೆ ಬಹಳ ಸುಲಭದ ಕೆಲಸ. ಫೋನ್ ಮಾಡಿ 'ಬರ್ರಿ' ಅಂದರೆ ಮುಗಿಯಿತು. ಕಳೆದ ಸಲ ನಾನು ಅದರ ಹಿಂದೆ ಇನ್ನೊಂದು ಮಾತು ಸೇರಿಸಿದೆ. 'ಊಟದಾಗ ನಿಮಗ ಏನರ ನಡಿಯಲ್ಲ ಅಂಬೋದು ಅದ ಏನ್ರಿ?' ಸುಮ್ನೆ ಮರ್ಯಾದೆಗೆ ಕೇಳಿದ್ದು. ಸಂಜೆಯೊಳಗೆ ಕ್ಯಾಲೆಂಡರಿನ ಹಾಳೆಯ ಹಿಂಬದಿ ತುಂಬಿತು.

ಗೆಳತಿಯ ಮನೆಯವರು ಜೈನರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿ (ಕ್ಯಾರೆಟ್), ಆಲೂಗಡ್ಡೆ ಇಲ್ಲ. ಬೀಜ ಜಾಸ್ತಿ ಅಂತ ಬದನೆಕಾಯಿಯೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಗೋಧಿ ಆಗುವುದಿಲ್ಲ. ಬೆಂಗಳೂರಿನಿಂದ ಬರುವ ಅಕ್ಕನ ಮಗಳು ವೀಗನ್. ಹಾಲು, ಮಜ್ಜಿಗೆ, ತುಪ್ಪ, ಜೇನು ಯಾವುದೂ ಬೇಡ. ಕಾಕಾಗೆ ಶುಗರ್. 'ಬೆಲ್ಲದ್ದು ನಡೀತದ, ಅದು ಸಕ್ರಿ ಅಲ್ಲಲ್ಲ' ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದಾರೆ. ಬೆಲ್ಲಕ್ಕೂ ಶುಗರ್ ಏರುತ್ತದೆ ಅಂತ ಡಾಕ್ಟರು ಹೇಳಿದ್ದು ಅವರ ಕಿವಿಗೆ ಇನ್ನೂ ತಲುಪಿಲ್ಲ. ಕೊನೆಗೆ ಕಾಕಾನ ಸೊಸೆಯ ಅಕ್ಕನ ಮಗ, ಏಳು ವರ್ಷದವನು. ಶೇಂಗಾ ಬಾಯಿಗೆ ಹೋದರೆ ತುಟಿ ಊದಿ ಉಸಿರು ಕಟ್ಟುತ್ತದೆ.

ಶೇಂಗಾ ಇಲ್ಲದ ಕಲಬುರಗಿ ಊಟ! ನಾನು ಪೆನ್ನು ಕೆಳಗಿಟ್ಟೆ.

ದಕ್ಷಿಣದ ಓದುಗರಿಗೆ ಒಂದು ಮಾತು. ಆ ದಿನದ ನಮ್ಮ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಭಜಿ ಅಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯೆ, ಪಾಲಕ್, ಬದನೆ, ಗಜ್ಜರಿ ಹೀಗೆ ಆ ಕಾಲಕ್ಕೆ ಹೊಲದಲ್ಲಿ, ಬಜಾರಿನಲ್ಲಿ ಏನೇನು ಸಿಗುತ್ತದೋ ಅದೆಲ್ಲ ಒಂದೇ ಗಡಿಗೆಗೆ. ಮೇಲೆ ಕಡಲೆಹಿಟ್ಟು, ಹುಣಸೆಹುಳಿ, ಬೆಳ್ಳುಳ್ಳಿ ಒಗ್ಗರಣೆ. ಜೊತೆಗೆ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ. ಯಾವುದನ್ನೂ ಬಿಡಬಾರದು ಅನ್ನುವುದೇ ಭಜ್ಜಿಯ ಲೆಕ್ಕ. ನನ್ನ ಪಟ್ಟಿಯಲ್ಲಿ ಒಬ್ಬೊಬ್ಬರೂ ಒಂದೊಂದನ್ನು ಬಿಡಿಸಿದ್ದರು. ಎಲ್ಲ ಕಳೆದು ನೋಡಿದರೆ ಗಡಿಗೆಯಲ್ಲಿ ಹಸಿ ತೊಗರಿ ಮತ್ತು ಉಪ್ಪು ಉಳಿಯುವ ಹಾಗಿತ್ತು. ನಮ್ಮ ತೊಗರಿಗೆ 2019ರಲ್ಲಿ ಈ ನೆಲದ್ದೇ ಬೆಳೆ ಎಂಬ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ನಿಜ. ಆದರೂ ನೆಂಟರ ಮುಂದೆ ಬರೀ ಅದನ್ನೇ ಇಡಲಾದೀತೇ?

ಐದು ಗಡಿಗೆ ಇಡೋಣ ಅಂದೆ. ಅತ್ತೆ ನಕ್ಕರು. 'ಒಂದೇ ಗಡಿಗಿ ಸಾಕು. ಯಾವಾಗ ಏನ್ ಹಾಕ್ತಿ ಅಂಬೋದ್ರಾಗ ಅದ ಎಲ್ಲಾ.'

ಅವರ ಅತ್ತೆ, ಅಂದರೆ ಆಯಿ, ಕಾಶಿಗೆ ಹೋಗಿ ಬದನೆಕಾಯಿ ಬಿಟ್ಟು ಬಂದಿದ್ದರಂತೆ. ಬೇಡವಾದ ಹಾಗಲಕಾಯಿ ಬಿಟ್ಟು ಬರುವ ಜಾಣರ ನಡುವೆ ಈಕೆ ಪ್ರಾಣದಂಥ ಬದನೆಕಾಯಿಯನ್ನೇ ಬಿಟ್ಟರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಬದನೆ ಬೀಳುವ ಮೊದಲು ಆಯಿಯ ಪಾಲು ಒಂದು ಸೌಟು ತೆಗೆದಿಡುವುದು ಮನೆಯ ರೂಢಿ. ನಾನು ಡಯಟ್ ಅನ್ನುವುದು ನಮ್ಮ ಕಾಲದ ತಲೆನೋವು ಅಂದುಕೊಂಡಿದ್ದೆ. ವ್ರತ, ಪಥ್ಯ, ಬಾಣಂತಿ ಊಟ ಎಲ್ಲ ಸಂಭಾಳಿಸಿದ ಒಲೆ ಅದು.

ಹಾಗೆ ಕ್ಯಾಲೆಂಡರಿನ ಹಾಳೆ ಅಡುಗೆಯ ಸರದಿಯಾಯಿತು. ಮೊದಲು ಕಾಳು, ಸೊಪ್ಪು. ಅಲ್ಲಿಗೆ ಜೈನರ ಪಾಲು ಹೊರಗೆ. ಆಮೇಲೆ ಬದನೆ, ಗಜ್ಜರಿ, ಬೆಳ್ಳುಳ್ಳಿ. ತೆಗೆದಿಟ್ಟ ಪಾಲಿಗೆ ಇಂಗಿನ ಬೇರೆ ಒಗ್ಗರಣೆ. ಇಲ್ಲಿ ಮುಗ್ಗರಿಸಿದೆ. ಇಂಗಿನ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿಹಿಟ್ಟು ಅಂತ ಇತ್ತು. ಅಂಗಡಿಯ ಪುಡಿ ಇಂಗಿಗೆ ಹೆಚ್ಚಾಗಿ ಮೈದಾ ಇಲ್ಲವೇ ಗೋಧಿ ಬೆರೆಸಿರುತ್ತಾರೆ. ಅಂದರೆ ಬೆಳ್ಳುಳ್ಳಿ ಇಲ್ಲದ ಸೌಟು ಗೋಧಿ ಆಗದವರಿಗೆ ಆಗದು. ಎರಡೂ ಪಾತ್ರೆಯ ಮುಚ್ಚಳಕ್ಕೆ ಚೀಟಿ ಅಂಟಿಸಿದೆ.

ಗೋಧಿಯ ಕಾಟ ಅಲ್ಲಿಗೇ ನಿಲ್ಲಲಿಲ್ಲ. ಗೋಧಿ ಹಿಟ್ಟಿಗೆ ಜಗ್ಗುವ ಗುಣ ಕೊಡುವ ಗ್ಲೂಟನ್ ಜೋಳದಲ್ಲಿ ಇಲ್ಲ, ಅದಕ್ಕೇ ಅದರ ಹಿಟ್ಟು ಲಟ್ಟಣಿಗೆಗೆ ಜಗ್ಗದು. ಕುದಿಯುವ ಎಸರು ಹಾಕಿ, ಜಿಗಟು ಬರುವಷ್ಟು ನಾದಿ, ಕೈಯಲ್ಲೇ ಬಡಿಯಬೇಕು. ಹಾಗಾದರೆ ರೊಟ್ಟಿಯ ಚಿಂತೆ ಇಲ್ಲ ಅಂದುಕೊಂಡೆ. ಆದರೆ ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮೊದಲು ಯಾರದೋ ಗೋಧಿ ಬಿದ್ದಿದ್ದರೆ? ನಸುಕಿನಲ್ಲೇ ಹೋಗಿ, ಯಾರೋ ಸಜ್ಜೆ ಬೀಸಿಸುವ ತನಕ ಕಾದು, ಅವರ ಹಿಂದೆ ನಮ್ಮ ಜೋಳ ಹಾಕಿಸಿದೆ. ಗಿರಣಿಯವರು ನನ್ನನ್ನು ನೋಡಿದ ರೀತಿ ಹೇಳಲಾರೆ.

ಅಕ್ಕನ ಮಗಳದು ಸುಲಭ. ಅಂಬಲಿಗೆ ಮಜ್ಜಿಗೆ ಬೆರೆಸುವ ಮೊದಲೇ ಒಂದು ಚೊಂಬು ತೆಗೆದಿಟ್ಟರಾಯಿತು. ಭಜ್ಜಿ ಮೊದಲಿನಿಂದಲೂ ವೀಗನ್ನೇ, ಪಾಪ ಅದಕ್ಕೆ ಗೊತ್ತಿರಲಿಲ್ಲ.

ಶೇಂಗಾಕ್ಕೆ ಮಾತ್ರ ಸೌಟಿನ ಉಪಾಯ ನಡೆಯದು. ಅದೇ ಮಿಕ್ಸಿ, ಅದೇ ಚಮಚ, ಎಲ್ಲೋ ಒಂದಿಷ್ಟು ಪುಡಿ ಅಂಟಿದ್ದರೂ ಹುಡುಗನಿಗೆ ಅಪಾಯ. ಆ ದಿನ ಶೇಂಗಾ ಮನೆಯಿಂದಲೇ ಹೊರಗೆ ಎಂದು ಅತ್ತೆ ಅಪ್ಪಣೆ ಮಾಡಿದರು. ಹಿಂಡಿ, ಅಂದರೆ ಚಟ್ನಿಪುಡಿ, ಅಗಸೆಯದು, ಒಗ್ಗರಣೆ ಕುಸುಬಿ ಎಣ್ಣೆಯದು. ಹೋಳಿಗೆ ಎಳ್ಳಿನದು. ಎಳ್ಳೂ ಕೆಲವರಿಗೆ ಆಗುವುದಿಲ್ಲ ಅಂತ ಹುಡುಗನ ತಾಯಿಗೆ ಮತ್ತೊಮ್ಮೆ ಫೋನ್ ಮಾಡಿ ಕೇಳಿಯೇ ಹೂರಣ ಕಲಸಿದ್ದು.

ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಭೂಮಿತಾಯಿಯ ಪಾಲಿನ ನೈವೇದ್ಯವಾದ ಚರಗ ಚೆಲ್ಲಿ, ಬೇವಿನ ನೆರಳಲ್ಲಿ ಕುಳಿತೆವು. ಹುಡುಗನ ತಾಯಿ ಚೀಲದಲ್ಲಿ ಅವನದೇ ಡಬ್ಬಿ ತಂದಿದ್ದಳು. ಒಂದು ಗಳಿಗೆ ಮನಸ್ಸಿಗೆ ಚುರ್ ಅಂದಿತು. ಅವಳ ಜಾಗದಲ್ಲಿ ನಾನಿದ್ದರೂ ತರುತ್ತಿದ್ದೆ. ಭಜ್ಜಿಗೆ ಏನೇನು ಹಾಕಿದ್ದೇವೆ ಅಂತ ಎರಡು ಸಲ ಕೇಳಿ ಅವನ ತಟ್ಟೆಗೆ ಬಡಿಸಿದಳು. ಡಬ್ಬಿ ಮುಚ್ಚಿಯೇ ಉಳಿಯಿತು. ಕಾಕಾ ಮೂರನೇ ಹೋಳಿಗೆಗೆ ಕೈಚಾಚಿದ್ದರು, ಅದಕ್ಕೆ ನನ್ನ ಬಳಿ ಉಪಾಯವಿರಲಿಲ್ಲ.

ಆಗಲೇ ಪಕ್ಕದ ಹೊಲದ ಕಾಕು ಬದುವಿನ ಮೇಲೆ ನಡೆದು ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಶೇಂಗಾ ಹೋಳಿಗೆ. ಆ ದಿನ ಹೊಲದಿಂದ ಹೊಲಕ್ಕೆ ತಟ್ಟೆ ಓಡಾಡುತ್ತದೆ ಅನ್ನುವುದನ್ನೇ ನಾನು ಮರೆತಿದ್ದೆ. ನಾನು ಎದ್ದು ಚಪ್ಪಲಿ ಹುಡುಕುವುದರೊಳಗೆ ಅವರು ಹುಡುಗನ ಮುಂದೆ ಒಂದು ಹೋಳಿಗೆ ಹಿಡಿದಾಗಿತ್ತು.

ಹುಡುಗ ಕೈ ಹಿಂದೆ ಕಟ್ಟಿಕೊಂಡ. 'ಇದ್ರಾಗ ಶೇಂಗಾ ಅದ ಏನ್ರಿ ಆಯಿ?'

ಕಾಕು ತಬ್ಬಿಬ್ಬಾದರು. ವಿಷಯ ತಿಳಿದ ಮೇಲೆ ಮಾತಿಲ್ಲದೆ ತಟ್ಟೆ ಸಮೇತ ವಾಪಸ್ ಹೋದರು. ಸಿಟ್ಟಾದರೇನೋ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಕೈ ತೊಳೆದುಕೊಂಡು, ಕಾಯಿ ತುಂಬಿದ ಹಸಿ ಕಡಲೆಗಿಡದ ಕಟ್ಟು ಹಿಡಿದು ಬಂದರು. ಹುಡುಗನ ಪಕ್ಕ ಕುಳಿತು ಕಾಯಿ ಸುಲಿದುಕೊಡುತ್ತ ಅತ್ತೆಯನ್ನು ನೋಡಿದರು.

'ಮೂವತ್ತು ವರ್ಷದಿಂದ ನಿಮ್ಮ ಭಜ್ಜಿ ತಿನ್ನಲತ್ತೀನಿ. ನನಗೂ ಬದ್ನಿಕಾಯಿ ತಿಂದ್ರ ಮೈಯೆಲ್ಲ ತುರಸ್ತದ.'

'ಅಯ್ಯ, ಮತ್ತ ಹೇಳಬೇಕಿಲ್ಲೇನ್ ಯವ್ವಾ?'

'ಕೇಳಿದವರ್ಯಾರು?' ಅಂದರು ಕಾಕು.