ಕಾಲು ಕಳೆದುಕೊಂಡವನಿಗೆ ದುಡ್ಡು ಯಾವಾಗ ಬೇಕು?

ಅಪಘಾತದಲ್ಲಿ ಪೆಟ್ಟಾದವನಿಗೆ ಎಷ್ಟು ಪರಿಹಾರ ಬಂತು ಎಂದು ನಮ್ಮ ಬಳ್ಳಾರಿಯಲ್ಲಿ ಎಲ್ಲರೂ ಕೇಳುತ್ತಾರೆ. ಯಾವಾಗ ಬಂತು ಎಂದು ಕೇಳುವವರು ಕಡಿಮೆ. ನ್ಯೂಜಿಲೆಂಡಿನಲ್ಲಿ ನೆಲೆಸಿದ ಮೇಲೆ ನನಗೆ ಈ ಎರಡನೇ ಪ್ರಶ್ನೆಯೇ ದೊಡ್ಡದು ಅನಿಸುತ್ತಿದೆ.

ಇಲ್ಲಿ ರಸ್ತೆಯಲ್ಲಿ ಬೀಳಲಿ, ಕೆಲಸದ ಜಾಗದಲ್ಲಿ ಬೀಳಲಿ, ಮನೆಯ ಏಣಿಯಿಂದ ಬೀಳಲಿ, ತಪ್ಪು ಯಾರದು ಎಂದು ಮೊದಲು ತೀರ್ಮಾನವಾಗಬೇಕಿಲ್ಲ. ನ್ಯಾಯಮೂರ್ತಿ ಓವೆನ್ ವುಡ್‌ಹೌಸ್ ಅವರ ಆಯೋಗ 1967ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ ಈ ವ್ಯವಸ್ಥೆ 1974ರ ಏಪ್ರಿಲ್ 1ರಂದು ಜಾರಿಗೆ ಬಂತು. ಇದನ್ನು ನಡೆಸುವ ಅಪಘಾತ ಪರಿಹಾರ ನಿಗಮದ ಇಂಗ್ಲಿಷ್ ಹೆಸರು ಚಿಕ್ಕದಾಗಿಸಿ ಜನ ಇದನ್ನು ಎಸಿಸಿ ಅನ್ನುತ್ತಾರೆ. ಪೆಟ್ರೋಲ್, ವಾಹನದ ಲೈಸೆನ್ಸ್, ಸಂಬಳ, ಕೆಲಸ ಕೊಡುವ ಮಾಲೀಕರು, ಎಲ್ಲರಿಂದಲೂ ಕಂತು ವಸೂಲಾಗುತ್ತದೆ. ಚಿಕಿತ್ಸೆ ಕೊಟ್ಟ ಡಾಕ್ಟರೇ ಕ್ಲೇಮ್ ಕಳಿಸುತ್ತಾರೆ. ದುಡಿಯಲಾಗದವನಿಗೆ ಗಳಿಕೆಯ ಶೇ 80ರವರೆಗೆ ವಾರವಾರ ಬರುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಸೊಂಟ ಮುರಿದಾಗ ಥೆರಪಿಸ್ಟ್ ಒಬ್ಬರು ಅವರ ಮನೆಗೆ ಟೇಪು ಹಿಡಿದು ಬಂದರು. ಹೊಸ್ತಿಲಿನ ಎತ್ತರ ಅಳೆದರು, ಕಮೋಡಿನಿಂದ ಏಳುವಾಗ ಯಾವ ಕೈ ಊರುತ್ತೀರಿ ಎಂದು ಕೇಳಿದರು, ಆ ಕೈಯ ಕಡೆಯೇ ಗೋಡೆಗೆ ಹಿಡಿಕೆ ಹಾಕಿಸಿದರು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಚಿಕ್ಕಪ್ಪನ ಮಗ ಜೀನ್ಸ್ ಹೊಲಿಯುತ್ತಿದ್ದ. ತೋರಣಗಲ್ ಕಡೆಯಿಂದ ಬೈಕಿನಲ್ಲಿ ಬರುವಾಗ ಹಿಂದಿನಿಂದ ಟಿಪ್ಪರ್ ಗುದ್ದಿತು. ಬಲಗಾಲಿಗೆ ರಾಡ್ ಹಾಕಿದ್ದಾರೆ, ಪಾದದ ಕೀಲು ಮಡಚುವುದಿಲ್ಲ. ಕ್ಲೇಮ್ ಕೇಸಿನಲ್ಲಿ ವಿಮಾ ಕಂಪನಿಯ ವಕೀಲರು ಡಾಕ್ಟರಿಗೆ ಕೇಳಿದ ಪ್ರಶ್ನೆ: "ಇವರು ಕೂತು ಮಾಡುವ ಕೆಲಸ ಮಾಡಬಹುದಲ್ಲವೇ?" ಡಾಕ್ಟರು ಹೌದು ಅಂದರು. ಹೊಲಿಗೆ ಕೂತು ಮಾಡುವ ಕೆಲಸವೇ. ಆದರೆ ಪವರ್ ಮೆಷಿನ್ನಿನ ವೇಗವೆಲ್ಲ ಬಲಗಾಲಿನ ಪೆಡಲ್ಲಿನಲ್ಲಿದೆ. ಜೇಬಿನ ಮೂಲೆ ತಿರುಗಿಸುವಾಗ ಸೂಜಿಯನ್ನು ಒಂದೊಂದೇ ಹೊಲಿಗೆಗೆ ಇಳಿಸುವುದು ಪಾದದ ಈ ಕೀಲು. ಅದು ಮಡಚದಿದ್ದರೆ ಕೈ ಎಷ್ಟು ಚುರುಕಿದ್ದರೂ ಬಟ್ಟೆ ಕೆಡುತ್ತದೆ.

ಕಾಲಿಗೆ ಇಷ್ಟು ಶೇಕಡಾ ಅಂಗವೈಕಲ್ಯ ಎಂದು ಸರ್ಟಿಫಿಕೇಟ್ ಬಂದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು ಎಂದು ಇಳಿಸುವ ರೂಢಿ ನಮ್ಮಲ್ಲಿದೆ. ಇದು ತಪ್ಪು ದಾರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ದೇಹದ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಹೋದರೆ ಡ್ರೈವರ್‌ಗೆ, ಬಡಗಿಗೆ ದುಡಿಮೆಯೇ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ ಎಂಬ ಉದಾಹರಣೆಯೂ ಅದೇ ತೀರ್ಪಿನಲ್ಲಿದೆ. ತಮ್ಮನಿಗೆ ಪೀಸ್ ಲೆಕ್ಕದಲ್ಲಿ ಕೂಲಿ, ಸಂಬಳದ ಚೀಟಿ ಇಲ್ಲ. ಹಾಗಾಗಿ ಅವನ ದುಡಿಮೆಯನ್ನೂ ಅಂದಾಜಿಗೆ ಬಿಡುತ್ತಾರೆ.

ತಡದ ಮಾತಿಗೆ ಬರುತ್ತೇನೆ. 2025ರಲ್ಲಿ ಬಂದ ನಗದುರಹಿತ ಚಿಕಿತ್ಸೆಯ ಯೋಜನೆ 7 ದಿನ, 1.5 ಲಕ್ಷದವರೆಗೆ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಎಂಟನೇ ದಿನದಿಂದ? ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ತಪ್ಪು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಉಂಟು. ಆ ದುಡ್ಡು ಒಪ್ಪಿಕೊಂಡರೆ ಕ್ಲೇಮ್ ಕೇಸು ನಡೆಸುವ ನ್ಯಾಯಮಂಡಳಿಯಲ್ಲಿರುವ ಅರ್ಜಿ ರದ್ದಾಗುತ್ತದೆ. ಹಳೆಯ 140ನೇ ಕಲಮಿನಡಿ ಶಾಶ್ವತ ವೈಕಲ್ಯಕ್ಕೆ ಸಿಗುತ್ತಿದ್ದದ್ದು ಬರೀ 25,000, ಆದರೆ ಅದನ್ನು ತಗೊಂಡೂ ಕೇಸು ಮುಂದುವರಿಸಬಹುದಿತ್ತು. ಈಗ ಬೇಗ ಬೇಕೋ, ಪೂರ್ತಿ ಬೇಕೋ ಎಂದು ಮಂಚ ಹಿಡಿದವನೇ ಆರಿಸಿಕೊಳ್ಳಬೇಕು.

"ಅಣ್ಣಾ, ದುಡ್ಡು ಬಂದ ಮ್ಯಾಲೆ ಬಚ್ಚಲಮನಿ ಮಾಡಸ್ತೀನಿ, ಮೊದ್ಲು ಬಡ್ಡಿ ಕಟ್ಬೇಕಲ್ಲ" ಎನ್ನುತ್ತಾನೆ ತಮ್ಮ. ಬಚ್ಚಲು ಹಿತ್ತಲಲ್ಲಿದೆ, ಎರಡು ಕಲ್ಲು ಮೆಟ್ಟಿಲು ಇಳಿಯಬೇಕು. ನಮ್ಮ ಚಿಕ್ಕಮ್ಮ ಅವನ ಭಾರವನ್ನೆಲ್ಲ ಹೆಗಲಿಗೆ ತಗೊಂಡು ದಿನಾ ಇಳಿಸುತ್ತಾರೆ. ಅವರ ಮೊಣಕಾಲೂ ಈಗ ಊದಿದೆ.

ಇಲ್ಲಿನದೆಲ್ಲ ಸರಿ ಅನ್ನಲಾರೆ. ಎಸಿಸಿ ಇರುವುದರಿಂದ ಗಾಯಕ್ಕೆ ಪರಿಹಾರ ಕೇಳಿ ಕೇಸು ಹಾಕುವ ಹಕ್ಕೇ ಜನರಿಗಿಲ್ಲ. ಪಾರ್ಶ್ವವಾಯು ಹೊಡೆದು ನಡೆಯಲಾಗದವನಿಗೆ ಆ ವಾರವಾರದ ದುಡ್ಡು ಸಿಗುವುದಿಲ್ಲ, ಏಕೆಂದರೆ ಅದು ಕಾಯಿಲೆ. ಒಂದೇ ಬೀದಿಯಲ್ಲಿ ಇಬ್ಬರು ಗಾಲಿಕುರ್ಚಿಯಲ್ಲಿದ್ದರೂ ಒಬ್ಬೊಬ್ಬರಿಗೆ ಒಂದೊಂದು ನ್ಯಾಯ. ನಮ್ಮ ಕಾನೂನು ನೋವಿಗೆ, ಬದುಕಿನ ಸುಖ ಕಳೆದುಕೊಂಡದ್ದಕ್ಕೆ, ನೋಡಿಕೊಳ್ಳುವವರ ಖರ್ಚಿಗೆ ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ. ಆ ಮಟ್ಟಿಗೆ ಅದು ಉದಾರಿ. ಹಾಗಾಗಿ ಇಲ್ಲಿನದನ್ನು ಹಾಗೇ ಎತ್ತಿ ಅಲ್ಲಿಡಿ ಎಂದು ನಾನು ಕೇಳುತ್ತಿಲ್ಲ. ಕೇಸು ನಡೆಯುತ್ತಿರುವಾಗಲೇ ವಿಮಾ ಕಂಪನಿಯಿಂದ ತಿಂಗಳು ತಿಂಗಳು ಒಂದಿಷ್ಟು ಬರಲಿ, ಕೊನೆಯ ಮೊತ್ತದಲ್ಲಿ ಮುರಿದುಕೊಳ್ಳಲಿ. ಬಚ್ಚಲಿಗೆ, ಮೆಟ್ಟಿಲಿಗೆ ಆಗುವ ಖರ್ಚು ಮೊದಲೇ ಸಿಗಲಿ.

ಅದು ಬರುವವರೆಗೆ ಊರಿನವರಿಗೆ ಎರಡು ಮಾತು. 2022ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಕ್ಲೇಮ್ ಅರ್ಜಿಗೆ 6 ತಿಂಗಳ ಗಡುವಿದೆ, ಗಾಯ ಮಾಯಲಿ ಎಂದು ಕಾಯಬೇಡಿ. ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಪೀಸ್ ಲೆಕ್ಕ ಬರೆದ ಹಳೆಯ ನೋಟ್‌ಬುಕ್ ಎಸೆಯಬೇಡಿ, ಕೆಲಸ ಕೊಟ್ಟ ಮಾಲೀಕರನ್ನು ಸಾಕ್ಷಿಗೆ ಕರೆಸಿ. ತಮ್ಮನ ವಕೀಲರಿಗೆ ನಾನು ಹೇಳಿರುವುದೂ ಇದನ್ನೇ. ಜೊತೆಗೆ ಡಾಕ್ಟರನ್ನು ಮತ್ತೆ ಕರೆಸಲು ಅರ್ಜಿ ಹಾಕಿ, ಮಡಚದ ಈ ಪಾದದಲ್ಲಿ ಪೆಡಲ್ ಒತ್ತಲು ಆಗುತ್ತದೆಯೇ ಎಂದು ನೇರವಾಗಿ ಕೇಳಿ ಎಂದಿದ್ದೇನೆ.