ದಾನಿಗಳ ಹಣ ಆಸ್ಪತ್ರೆಗೆ ಸಾಕೇ, ನೀತಿಗೂ ಬೇಕೇ?

ಪರ: ಕಟ್ಟಡಕ್ಕೆ ಕೊಡುವವರು ಪ್ರಶ್ನೆ ಕೇಳುವವರಿಗೂ ಕೊಡಲಿ

ದಕ್ಷಿಣ ಆಫ್ರಿಕಾದ ಈ ಕತೆಯನ್ನು ದಾನಿಗಳ ಸಭೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ಬಹುಮಟ್ಟಿಗೆ ತಡೆಯುವ ಔಷಧ ನೆವಿರಪಿನ್. 2000ದಲ್ಲಿ ಅದನ್ನು ಐದು ವರ್ಷ ಪುಕ್ಕಟೆ ಕೊಡುತ್ತೇವೆಂದು ತಯಾರಕ ಕಂಪನಿಯೇ ಮುಂದೆ ಬಂತು. ಸರ್ಕಾರ ಮಾತ್ರ ಪ್ರಾಂತ್ಯಕ್ಕೆ ಎರಡೇ ಪ್ರಾಯೋಗಿಕ ಕೇಂದ್ರ ಎಂದು ಗೆರೆ ಎಳೆಯಿತು. ಆಸ್ಪತ್ರೆ ಇತ್ತು, ವೈದ್ಯರಿದ್ದರು, ಔಷಧಕ್ಕೆ ಕಾಸೂ ಬೇಕಿರಲಿಲ್ಲ. ಅಡ್ಡ ನಿಂತದ್ದು ಒಂದು ಆದೇಶ. ಎಚ್‌ಐವಿ ಪೀಡಿತರ ಚಿಕಿತ್ಸೆಗೆ ಹೋರಾಡುವ ಸಂಘಟನೆಯಾಗಿ 1998ರಲ್ಲಿ ಹುಟ್ಟಿದ್ದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಬೀದಿಗಿಳಿಯಿತು, ಕೋರ್ಟಿನ ಮೆಟ್ಟಿಲೇರಿತು, 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯದಲ್ಲಿ ಗೆದ್ದಿತು. ಅಟ್ಲಾಂಟಿಕ್ ಫಿಲಾಂತ್ರಪೀಸ್‌ನಂಥ ನಿಧಿಗಳು ಆ ಸಂಘಟನೆಯನ್ನು ಬೆಂಬಲಿಸಿದವು. ಅದೇ ಹಣದಲ್ಲಿ ಇನ್ನೊಂದು ವಾರ್ಡು ಕಟ್ಟಿಸಿದ್ದರೆ ಗೋಡೆಯ ಮೇಲೆ ದಾನಿಯ ಹೆಸರು ಬೀಳುತ್ತಿತ್ತು, ಒಳಗೆ ಆ ಔಷಧ ಸಿಗುತ್ತಿರಲಿಲ್ಲ.

ಮೆಕ್ಸಿಕೊ ನೋಡಿ. ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ 2014ರಲ್ಲಿ ಜಾರಿಗೆ ಬಂತು. ಅದಕ್ಕೆ ಹೋರಾಡಿದ ಅಲ್ಲಿನ ನಾಗರಿಕ ಸಂಘಟನೆಗಳ ಹಿಂದೆ ಅಮೆರಿಕದ ದತ್ತಿನಿಧಿ ಬ್ಲೂಮ್‌ಬರ್ಗ್ ಫಿಲಾಂತ್ರಪೀಸ್‌ನ ಹಣವಿತ್ತು. ಮೊದಲ ವರ್ಷವೇ ಆ ಪಾನೀಯಗಳ ಖರೀದಿ ಸರಾಸರಿ 6 ಶೇಕಡಾ ಇಳಿಯಿತು. ಎಷ್ಟು ಮಧುಮೇಹ ಚಿಕಿತ್ಸಾಲಯ ತೆರೆದರೆ ಇದಕ್ಕೆ ಸಾಟಿಯಾದೀತು?

ನನಗೆ ಇದು ಪುಸ್ತಕದಿಂದ ಬಂದ ನಂಬಿಕೆಯಲ್ಲ. ಒಂದು ಆರೋಗ್ಯ ಕೇಂದ್ರದ ಮೇಲೆ ಕಣ್ಣಿಡುವ ನಾಗರಿಕ ಸಮಿತಿಗೆ ನಾನು ನಾಲ್ಕು ವರ್ಷ ಸಂಯೋಜಕನಾಗಿದ್ದೆ. ನಮ್ಮಲ್ಲಿದ್ದ ಆಯುಧ ಒಂದೇ, ಗೆರೆ ಹಾಕಿದ ನೋಟ್‌ಬುಕ್. ರಕ್ತದೊತ್ತಡದ ಮಾತ್ರೆಗೆ ಬಂದವರು ತಾರೀಖು ಬರೆದು ಸಿಕ್ಕಿತೋ ಇಲ್ಲವೋ ಗುರುತು ಹಾಕಬೇಕು, ಅಷ್ಟೇ. ಬರೆಯಲು ಬಾರದವರು ಸಿಕ್ಕಿದರೆ ಸೊನ್ನೆ, ಸಿಗದಿದ್ದರೆ ಅಡ್ಡಗೀಟು ಎಳೆಯುತ್ತಿದ್ದರು. ಸಾರ್ವಜನಿಕ ಅಹವಾಲು ಸಭೆಯ ದಿನ ಮೇಲಧಿಕಾರಿಯೊಬ್ಬರು ಲ್ಯಾಪ್‌ಟಾಪ್ ತಿರುಗಿಸಿ, “ದಾಸ್ತಾನು ಇದೆ, ನೋಡಿ” ಎಂದರು. ನಿಜ, ಪರದೆಯ ಮೇಲೆ ಇತ್ತು. ಹಿಂದಿನ ಸಾಲಿನಲ್ಲಿದ್ದ, ಅರವತ್ತು ದಾಟಿದ ಹೆಂಗಸೊಬ್ಬರು ಎದ್ದರು. ಸೆರಗಿನಿಂದ ನೋಟ್‌ಬುಕ್ ತೆಗೆದು ಹನ್ನೊಂದು ತಾರೀಖು ಓದಿದರು. ಹನ್ನೊಂದು ಸಲ ನಡೆದು ಬಂದು, ಹನ್ನೊಂದು ಸಲ ಬರಿಗೈಲಿ ಹೋಗಿದ್ದರು. ಒಂದೊಂದು ತಾರೀಖಿಗೂ ಬೆರಳಿಟ್ಟು, ಅವಸರವಿಲ್ಲದೆ, ಪಡಿತರ ಎಣಿಸಿದ ಹಾಗೆ ಓದಿದರು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು: ಮಾತ್ರೆಗಳು ಮೇಲಿನ ಉಗ್ರಾಣದಲ್ಲಿ ಕೊಳೆಯುತ್ತಿದ್ದವು. ಕೆಳಗಿನಿಂದ ಹೋಗುವ ಬೇಡಿಕೆ ಪಟ್ಟಿಗೆ ಔಷಧ ವಿತರಕರೇ ಸಹಿ ಹಾಕಬೇಕೆಂಬ ನಿಯಮವಿತ್ತು, ಆ ಹುದ್ದೆಯೇ ಖಾಲಿ ಇತ್ತು. ನರ್ಸ್ ಕೂಡ ಸಹಿ ಹಾಕಬಹುದೆಂದು ಒಂದು ಸಾಲಿನ ಸುತ್ತೋಲೆ ಬಂತು. ಒಂದೇ ಸಾಲು.

ಆ ಸಭೆಗೆ ಹಣ ಕೊಟ್ಟಿದ್ದು ಒಂದು ಸಣ್ಣ ದತ್ತಿನಿಧಿ. ಯಾವುದಕ್ಕೆ ಗೊತ್ತೇ? ಬಸ್ ಚಾರ್ಜಿಗೆ, ಬಂದವರ ಒಂದು ದಿನದ ಕೂಲಿಗೆ, ಅರೆಕಾಲಿಕ ಲೆಕ್ಕಿಗನಿಗೆ. ಭಾಗವಹಿಸುವಿಕೆ ಅನ್ನುವ ದೊಡ್ಡ ಮಾತನ್ನು ಬಿಚ್ಚಿದರೆ ಒಳಗೆ ಸಿಗುವುದು ಇವೇ. ಆದರೆ ವರ್ಷದ ಕೊನೆಗೆ ಅದೇ ನಿಧಿ ಕಳಿಸಿದ ಅರ್ಜಿಯಲ್ಲಿ ಒಂದು ಕಾಲಂ ಇತ್ತು, “ಫಲಾನುಭವಿಗಳ ಸಂಖ್ಯೆ”. ಆ ಸುತ್ತೋಲೆಯಿಂದ ಎಷ್ಟು ಜನಕ್ಕೆ ಮಾತ್ರೆ ಸಿಕ್ಕಿತು? ನಾನು ಎರಡು ರಾತ್ರಿ ತಲೆ ಕೆರೆದುಕೊಂಡು ಕೊನೆಗೆ ಸಭೆಗೆ ಬಂದವರ ತಲೆ ಎಣಿಸಿ ಬರೆದೆ: 64. ಮುಂದಿನ ವರ್ಷ ಅವರು ನಮ್ಮನ್ನು ಕೈಬಿಟ್ಟು ಸಂಚಾರಿ ಆಸ್ಪತ್ರೆ ವಾಹನಕ್ಕೆ ಕೊಟ್ಟರು. ವಾಹನದ ಫೋಟೊ ಚೆನ್ನಾಗಿ ಬರುತ್ತದೆ, ಸುತ್ತೋಲೆಯ ಫೋಟೊ ಬರುವುದಿಲ್ಲ.

ಆದ್ದರಿಂದ ನಾನು ಕೇಳುವುದು ದುಡ್ಡು ಹೆಚ್ಚಿಸಿ ಎಂದಲ್ಲ, ಕೊಡುವ ರೀತಿ ಬದಲಿಸಿ ಎಂದು. ಒಂದು ವರ್ಷದ ಯೋಜನೆಗೆ ಕೊಡಬೇಡಿ, ಏಳೆಂಟು ವರ್ಷ ಕೊಡಿ. ಕಾನೂನು ಬದಲಾಗಲು ಅಷ್ಟು ಹಿಡಿಯುತ್ತದೆ. ಯಾವ ಬಾಬ್ತಿಗೆ ಎಷ್ಟೆಂದು ಕೈ ಕಟ್ಟಬೇಡಿ. ವಕೀಲರಿಗೆ, ಬಜೆಟ್ ಓದಬಲ್ಲವರಿಗೆ, ಸಂಯೋಜಕರ ಸಂಬಳಕ್ಕೆ ಕೊಡಿ. ಏನು ಬೇಕೆಂಬ ಪಟ್ಟಿಯನ್ನು ರೋಗಿಗಳು ಬರೆಯಲಿ, ನೀವಲ್ಲ. ಉಗಾಂಡಾದಲ್ಲಿ ಜನರೂ ಆರೋಗ್ಯ ಸಿಬ್ಬಂದಿಯೂ ಎದುರುಬದುರು ಕೂತು ಲೆಕ್ಕ ನೋಡಿದ ಪ್ರಯೋಗದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು 33 ಶೇಕಡಾ ಇಳಿಯಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇದಕ್ಕಿಂತ ಬೇರೆ ಪುರಾವೆ ಏಕೆ?

“ಈ ದಾನಿಗಳನ್ನು ಯಾರು ಆರಿಸಿದರು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ತಂಬಾಕು ಕಂಪನಿಗಳನ್ನು ಯಾರು ಆರಿಸಿದರು ಸ್ವಾಮಿ? ಅವರು ಮಂತ್ರಿಗಳ ಬಾಗಿಲಲ್ಲಿ ದಿನಾ ಇರುತ್ತಾರೆ. ನಮ್ಮವರು ಬಸ್ ಚಾರ್ಜಿಲ್ಲದೆ ಮನೆಯಲ್ಲಿರಬೇಕೇ?

ವಿರೋಧ: ಅಹವಾಲಿಗೂ ಯಜಮಾನ ಬೇಕೇ?

ಪರ ಬರೆಯುವವರು ಆಗಲೇ ಸಿಕ್ಕಿದ್ದರಿಂದ ನನಗೆ ವಿರೋಧ ಬಂತು. ಬಸ್ ಚಾರ್ಜು ಕೊಡಬಾರದು ಎಂದು ವಾದಿಸುವಷ್ಟು ಕಟುಕ ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ದತ್ತಿನಿಧಿಯನ್ನು ಕಾಮಧೇನು ಮಾಡಿ ಕೂರಿಸುವ ಈ ಉತ್ಸಾಹ ನನಗೆ ದಿಗಿಲು ಹುಟ್ಟಿಸುತ್ತದೆ.

1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ-ಆಟಾ ನಗರದಲ್ಲಿ ದೇಶಗಳು ಸೇರಿ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಎಂದು ಘೋಷಿಸಿದವು. ಜನರ ಭಾಗವಹಿಸುವಿಕೆ ಆ ಘೋಷಣೆಯಲ್ಲೇ ಇತ್ತು. ಮರುವರ್ಷವೇ ಇಟಲಿಯ ಬೆಲಾಜಿಯೊದಲ್ಲಿ ಅಮೆರಿಕದ ದತ್ತಿನಿಧಿ ರಾಕ್‌ಫೆಲರ್ ಫೌಂಡೇಶನ್ ಒಂದು ಸಣ್ಣ ಸಭೆ ಕರೆಯಿತು. ಅಷ್ಟೆಲ್ಲ ಆಗದು, ಖರ್ಚಿಗೆ ತಕ್ಕ ಫಲ ಕೊಡುವ ಕೆಲವನ್ನೇ ಆರಿಸಿಕೊಳ್ಳೋಣ ಎಂಬ ವಾದಕ್ಕೆ ಅಲ್ಲಿ ಬಲ ಬಂತು. ಆ ಆಯ್ದ ಕಾರ್ಯಕ್ರಮಗಳಿಂದ ಮಕ್ಕಳು ಬದುಕಿದರು, ಅಲ್ಲಗಳೆಯುವುದಿಲ್ಲ. ಆದರೆ ಊರಿನವರು ಕೂತು ತೀರ್ಮಾನಿಸುವ ಮಾತು ಮೂಲೆಗೆ ಸರಿಯಿತು. ಅಷ್ಟು ದೇಶಗಳು ಕೂತು ಒಪ್ಪಿದ್ದನ್ನು ಒಂದು ಕೋಣೆ ತಿರುಗಿಸಿತು. ತಂಬಾಕು ಕಂಪನಿಯ ಹೆಸರೆತ್ತಿದರೆ ಇದು ಅಳಿಸುವುದಿಲ್ಲ.

ಉಗಾಂಡಾದ ಪುರಾವೆಯನ್ನು ಅವರು ಅರ್ಧಕ್ಕೇ ಬಿಟ್ಟಿದ್ದಾರೆ. ಆ 33 ಶೇಕಡಾ ಬಂದದ್ದು 50 ಕೇಂದ್ರಗಳಿಂದ. ಅದೇ ದೇಶದಲ್ಲಿ, ಅದೇ ಮಾದರಿಯನ್ನು, 376 ಕೇಂದ್ರಗಳಲ್ಲಿ ಮತ್ತೆ ಮಾಡಿ ನೋಡಿದಾಗ ಮಕ್ಕಳ ಸಾವಿನ ಮೇಲೆ ಪರಿಣಾಮ ಕಾಣಲಿಲ್ಲ. ನೋಟ್‌ಬುಕ್ಕಿನ ಅಜ್ಜಿಗೆ ನಾನೂ ಕೈಮುಗಿಯುತ್ತೇನೆ, ಆದರೆ ಅಜ್ಜಿಯನ್ನು ಮುಂದೆ ನಿಲ್ಲಿಸಿ ಅಂಕಿ ಅಡಗಿಸಬಾರದು.

ಇನ್ನು ನಿಧಿಗಳ ಆಯುಷ್ಯ. ಅವರು ಹೊಗಳಿದ ಅಟ್ಲಾಂಟಿಕ್ ಫಿಲಾಂತ್ರಪೀಸ್, ಇದ್ದುದನ್ನೆಲ್ಲ ಕೊಟ್ಟು ಮುಗಿಸಿ 2020ರಲ್ಲಿ ತಾನೇ ಬಾಗಿಲು ಹಾಕಿತು. ದಾನಿಯ ದೃಷ್ಟಿಯಿಂದ ಅದು ತ್ಯಾಗ. ಮರುವರ್ಷದ ಸಂಬಳಕ್ಕೆ ಆ ಹಣವನ್ನೇ ನೆಚ್ಚಿಕೊಂಡ ಸಂಘಟನೆಗೆ? ಉಳಿದ ನಿಧಿಗಳದ್ದೂ ಅಷ್ಟೇ, ಮಂಡಳಿಗೆ ಹೊಸಬರು ಬಂದರೆ ಆದ್ಯತೆ ಬದಲು. ಸ್ವತಃ ಪರ ವಾದಿಗಳನ್ನೇ ವಾಹನದ ಫೋಟೊಗಾಗಿ ಕೈಬಿಟ್ಟರಲ್ಲ. ಅವರ ಕತೆ ನನ್ನ ವಾದ. ಅದರ ಮೇಲೆ ಉಂಡ ಮನೆಯ ಗಳ ಎಣಿಸಬಾರದು ಎಂಬ ಸಂಕೋಚ ಬೇರೆ: ಸರ್ಕಾರದ ತಪ್ಪನ್ನು ಸಭೆಯಲ್ಲಿ ಓದಿ ಹೇಳುವ ಸಂಘಟನೆ, ದಾನಿಯ ತಪ್ಪನ್ನು ಎಲ್ಲಿ ಓದಿ ಹೇಳುತ್ತದೆ?

ಬೇರೆ ದಾರಿ ಇಲ್ಲವೇ? ಥಾಯ್ಲೆಂಡ್ 2001ರಲ್ಲಿ ತಂಬಾಕು ಮತ್ತು ಮದ್ಯದ ತೆರಿಗೆಯ ಮೇಲೆ 2 ಶೇಕಡಾ ಹೆಚ್ಚುವರಿ ಹಾಕಿ ಥಾಯ್‌ಹೆಲ್ತ್ ಎಂಬ ನಿಧಿ ಮಾಡಿತು. ಅಲ್ಲಿನ 2007ರ ಕಾನೂನು, ಜನರೂ ಕೂತು ಆರೋಗ್ಯ ನೀತಿ ಚರ್ಚಿಸುವ ರಾಷ್ಟ್ರೀಯ ಆರೋಗ್ಯ ಸಭೆಯನ್ನು ಪ್ರತಿ ವರ್ಷ ಕರೆಯಲೇಬೇಕೆಂದಿತು. ಬ್ರೆಜಿಲ್ 1990ರಲ್ಲೇ ಆರೋಗ್ಯ ಮಂಡಳಿಗಳ ಅರ್ಧ ಸ್ಥಾನ ಸೇವೆ ಪಡೆಯುವವರಿಗೆ ಎಂದು ಕಾನೂನು ಬರೆಯಿತು. ಅಲ್ಲಿ ಕುರ್ಚಿ ಹಕ್ಕಿನದು, ಅನುದಾನದ್ದಲ್ಲ. ಆ ಮಂಡಳಿಗಳಲ್ಲೂ ರಾಜಕೀಯ ನುಸುಳಿದೆ, ಕೆಲವು ಹೆಸರಿಗಷ್ಟೇ ಇವೆ, ಅದು ನನಗೆ ಗೊತ್ತು. ಆದರೂ ಅವುಗಳ ಮೇಲೆ ಸಿಟ್ಟು ಬಂದರೆ ಜನ ಮತ ಹಾಕಿ ತೀರಿಸಿಕೊಳ್ಳಬಹುದು.

ಇಂಥ ಕಾನೂನು ಬರುವವರೆಗೆ ಏನು ಮಾಡೋಣ ಎಂದು ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಅಲ್ಲಿಯವರೆಗೆ ತೆಗೆದುಕೊಳ್ಳಿ, ಆದರೆ ಯಾರಿಂದ ಎಷ್ಟು ಬಂತೆಂದು ಸಭೆಯ ಬಾಗಿಲಲ್ಲೇ ಬರೆದು ಹಾಕಿ. ಅಜ್ಜಿಯ ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಗೆರೆ ಇರಲಿ.