ಸಾಲಾವಳಿ ಕೂಡಿ ಬಂತು

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕ್ಯುಲರ್ ಬಂದಿದೆ. ನಾವು ಮಾಡುವ ಪಾಠ ರಾಷ್ಟ್ರೀಯ ಶಿಕ್ಷಣ ನೀತಿಗೆ ಹೇಗೆ ಹೊಂದುತ್ತದೆ ಅಂತ ಸಂಶೋಧನೆ ಮಾಡಿ, ಪ್ರತಿ ವಿಭಾಗವೂ ತಿಂಗಳೊಳಗೆ ಎರಡು ಪೇಪರ್ ಕೊಡಬೇಕು. ಹೊಂದುತ್ತದೋ ಇಲ್ಲವೋ ಅಂತ ಯಾರೂ ಕೇಳಿಲ್ಲ. ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿದ ಮೇಲೆ ಜೋಯಿಸರ ಹತ್ತಿರ ಜಾತಕ ಒಯ್ದ ಹಾಗೆ.

ಸಾಲಾವಳಿ ನೋಡೋದು ನಮಗೇನೂ ಹೊಸದಲ್ಲ ಬಿಡಿ. ಎಂಜಿನಿಯರಿಂಗ್ ಕೋರ್ಸುಗಳನ್ನು ಅಳೆಯುವ ರಾಷ್ಟ್ರೀಯ ಮಂಡಳಿ ಎನ್‌ಬಿಎಯ ಮಾನ್ಯತೆಗೆ ಅಂತ ವರ್ಷವರ್ಷವೂ ಅದನ್ನೇ ಮಾಡ್ತೀವಿ. ಒಂದು ಕೋಷ್ಟಕ. ಎಡಗಡೆ ಸಿಒ, ಅಂದರೆ ಈ ವಿಷಯದಲ್ಲಿ ಹುಡುಗ ಕಲಿಯಬೇಕಾದ್ದು. ಮೇಲ್ಗಡೆ ಪಿಒ, ಅಂದರೆ ಡಿಗ್ರಿ ಮುಗಿಯುವಾಗ ಅವನಲ್ಲಿ ಇರಬೇಕಾದ ಗುಣ. ನಡುವಿನ ಮನೆಗಳಲ್ಲಿ 1, 2, 3. ಮೂರು ಅಂದರೆ ಗಟ್ಟಿ ನಂಟು. ನಂಟೇ ಇಲ್ಲದಿದ್ದರೆ ಡ್ಯಾಶ್. ಬರ್ನೂಲಿ ಸಮೀಕರಣಕ್ಕೂ ನೈತಿಕತೆಗೂ ಏನು ನಂಟು? ಅದನ್ನು ಕಲಿತವನು ಪೈಪಿನ ಲೆಕ್ಕದಲ್ಲಿ ಸುಳ್ಳು ಹೇಳಲ್ಲ, ಹಾಕಿ 2. ಪಿಒಗಳು ಮೊದಲು 12 ಇದ್ದವು, ಈಗ 11. ಎಕ್ಸೆಲ್‌ನಲ್ಲಿ ಒಂದು ಕಾಲಂ ಹೋಯಿತು. ಪಾಠ ಹಾಗೇ ಇದೆ.

ಇನ್ನು ಸಂಶೋಧನೆ. ಅಂದರೆ ಗೂಗಲ್ ಫಾರ್ಮ್. ‘ಈ ಪಾಠದಿಂದ ನಿಮ್ಮ ಬಹುಶಿಸ್ತೀಯ ಚಿಂತನೆ ಬೆಳೆಯಿತೇ?’ ಕ್ಲಾಸ್ ರೆಪ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ: ‘ಎಲ್ಲಾದಕ್ಕೂ 5 ಒತ್ರೋ, ಸರ್ ಇಂಟರ್ನಲ್ಸ್ ಮಾರ್ಕ್ಸ್ ಹಾಕ್ತಾ ಇದಾರೆ.’ ಏಳೇ ನಿಮಿಷದಲ್ಲಿ 60 ಹುಡುಗರ ಚಿಂತನೆ ಬೆಳೆಯಿತು. ಒಬ್ಬ ಮಾತ್ರ ಸಲಹೆಯ ಜಾಗದಲ್ಲಿ ‘ಲೇತ್ ಯಾವಾಗ ರಿಪೇರಿ ಆಗುತ್ತೆ ಸರ್?’ ಅಂತ ಬರೆದಿದ್ದ. ಅದನ್ನು ‘ಜೀವನಪರ್ಯಂತ ಕಲಿಕೆ’ ಎಂಬ ಪಿಒ ಕೆಳಗೆ ಸೇರಿಸಿ 3 ಹಾಕಿದೆವು.

ಈ ನಡುವೆ ಒಂದು ಹೆದರಿಕೆಯೂ ಇತ್ತು. 2020ರ ನೀತಿಯನ್ನು 2021ರಲ್ಲಿ ದೇಶಕ್ಕೇ ಮೊದಲು ಜಾರಿ ಮಾಡಿದ್ದು ಕರ್ನಾಟಕ. ಆಮೇಲೆ ಸರ್ಕಾರ ಬದಲಾಯಿತು. 2023ರಲ್ಲಿ ರಾಜ್ಯದ್ದೇ ನೀತಿಗೆ ಸುಖದೇವ್ ಥೋರಟ್ ಆಯೋಗ ಬಂತು, 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ಮತ್ತೆ ಮೂರು ವರ್ಷದ್ದಾಯಿತು. ಡಿಗ್ರಿ ಕಾಲೇಜಿನ ಗೆಳೆಯನ ಪೇಪರ್ ಹಾಳಾಯಿತಲ್ಲ ಅಂತ ಮರುಗಿದೆ. ‘ಏನೂ ಆಗಿಲ್ಲ ಮಾರಾಯ. ರಾಷ್ಟ್ರೀಯ ಇದ್ದ ಕಡೆಯೆಲ್ಲ ರಾಜ್ಯ ಅಂತ ಹಾಕಿದೆ. ಗ್ರಾಫ್ ಮುಟ್ಟಲೇ ಇಲ್ಲ’ ಅಂದ.

ತಪ್ಪು ನಂದೇ. ಪೇಪರ್ ಬರೆಯುವ ಹುಮ್ಮಸ್ಸಿನಲ್ಲಿ ನೀತಿಯನ್ನು ಪೂರ್ತಿ ಓದಿಬಿಟ್ಟೆ. ಶಿಕ್ಷಣಕ್ಕೆ ಜಿಡಿಪಿಯ 6% ಖರ್ಚು ಮಾಡಬೇಕು ಅಂತಿದೆ. 1968ರ ನೀತಿಯಲ್ಲೂ ಇದೇ ಇತ್ತು, 1986ರದ್ದರಲ್ಲೂ ಇತ್ತು. 2017-18ರಲ್ಲಿ ಸರ್ಕಾರಗಳು ಮಾಡಿದ್ದು 4.43% ಅಂತ ಹೊಸ ನೀತಿಯೇ ಒಪ್ಪಿಕೊಂಡಿದೆ. ನಮ್ಮಲ್ಲಿ ಒಂದು ಸಿಒ ಗುರಿ ಮುಟ್ಟದಿದ್ದರೆ, ಯಾಕೆ ಮುಟ್ಟಲಿಲ್ಲ, ಮುಂದಿನ ಸಲ ಏನು ಮಾಡ್ತೀರಿ ಅಂತ ಬರೆದು ಸಹಿ ಹಾಕಬೇಕು.

‘ಸರ್, ಈ ಆರು ಪರ್ಸೆಂಟಿನ ಮುಂದೆ ಎಷ್ಟು ಹಾಕಲಿ?’ ಅಂತ ಎಚ್‌ಒಡಿಯನ್ನು ಕೇಳಿದೆ.

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ‘ಡ್ಯಾಶ್ ಹಾಕ್ರೀ. ಊಟಕ್ಕೆ ಹೊತ್ತಾಯ್ತು.’